ಕಪಾಟು ಕ್ಷೇಮ

ನೀರು ಸರಬರಾಜು ಇಲಾಖೆಯ ವಸತಿಗೃಹಗಳಲ್ಲಿ ಮನೆ ಬದಲಾಯಿಸುವಾಗ ಮನುಷ್ಯರಿಗೆ ಪೆಟ್ಟಾಗಬಹುದು, ಸಾಮಾನಿಗೆ ಪೆಟ್ಟಾಗಬಹುದು, ಆದರೆ ಅಡುಗೆಮನೆಯ ಕಪಾಟಿಗೆ ಪೆಟ್ಟಾಗಕೂಡದು ಎಂಬುದು ಸರ್ವರೂ ಒಪ್ಪಿಕೊಂಡ ವಿಷಯ. ಮನುಷ್ಯರು ಇವತ್ತು ಬಂದು ನಾಳೆ ಹೋಗುವವರು. ಕಪಾಟು ಇಲಾಖೆಯ ಆಸ್ತಿ. ಈ ತತ್ವವನ್ನು ಆಧರಿಸಿಯೇ ಪಾಕಶಾಲಾ ಕಪಾಟು ಸಂರಕ್ಷಣಾ ಘಟಕವೆಂಬುದು ಸ್ಥಾಪನೆಯಾಗಿ, ಅದಕ್ಕೊಬ್ಬ ಅಧಿಕಾರಿ, ಅಧಿಕಾರಿಗೊಂದು ಜೀಪು, ಜೀಪಿನ ಸಂರಕ್ಷಣೆಗೊಂದು ಶೆಡ್ಡು ಮಂಜೂರಾಗಿದ್ದವು.

ಈ ಘಟಕದ ಕೃಪೆಗೆ ಕಿಟಕಿಯಕ್ಕ ಪಾತ್ರಳಾದದ್ದು ಗಂಡನಿಗೆ ಬಡ್ತಿ ಸಿಕ್ಕಾಗ. ಗಂಡ ಮನೆಮನೆಗೆ ಹೋಗಿ ನೀರಿನ ಮೀಟರು ನೋಡಿ ಬರುವವನು, ಹಾಗಾಗಿ ಎಲ್ಲರಿಗೂ ಮೀಟರಣ್ಣ. ಇವಳು ಕಿಟಕಿಯಕ್ಕನಾದದ್ದು ಇವಳ ಅಡುಗೆಮನೆಗೆ ಕಿಟಕಿ ಇಲ್ಲದ್ದರಿಂದ. ಮದುವೆಯಾಗಿ ಬಂದ ದಿನದಿಂದ ಗೋಡೆಗೆ ಮುಖಮಾಡಿಯೇ ಅಡುಗೆ. ಹಗಲಲ್ಲೂ ದೀಪ ಹಾಕಬೇಕು. ಹೊರಗೆ ಬಿಸಿಲೋ ಮಳೆಯೋ ತಿಳಿಯಬೇಕೆಂದರೆ ಒಲೆ ಸಣ್ಣಗೆ ಮಾಡಿ ನಡುಮನೆಗೆ ಓಡಿಬರಬೇಕು. ಸಿಕ್ಕಸಿಕ್ಕವರ ಹತ್ತಿರವೆಲ್ಲ ಇದನ್ನೇ ಹೇಳಿ ಹೇಳಿ ಹೆಸರು ಅಂಟಿಕೊಂಡಿತ್ತು. ಬಡ್ತಿಯ ಜೊತೆಗೆ ಸಿಕ್ಕಿದ ಎದುರು ಸಾಲಿನ ಮನೆಯ ಅಡುಗೆಮನೆಗೆ ಕಿಟಕಿ ಇತ್ತು. ಸುದ್ದಿ ಕೇಳಿದವಳೇ ಕಿಟಕಿಯಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಗಂಡನ ಬಡ್ತಿಗೆ ಅಷ್ಟು ಸಂತೋಷವೇನೂ ಆಗಿರಲಿಲ್ಲ.

ಸಾಮಾನು ಸಾಗಿಸುವ ದಿನ ಬೆಳಿಗ್ಗೆ ಸಂರಕ್ಷಣಾಧಿಕಾರಿಗಳು ಬಡಗಿಯನ್ನೂ ಆಳುಗಳನ್ನೂ ಕರೆದುಕೊಂಡು ಬಂದರು. ಅಡುಗೆಮನೆಯ ಹೊಸ್ತಿಲಲ್ಲೇ ನಿಂತು, ಕಾಯಿಲೆಯವರನ್ನು ನೋಡಲು ಬಂದವರ ಹಾಗೆ ದನಿ ತಗ್ಗಿಸಿದರು.

"ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀರಮ್ಮ!"

"ಎಲ್ಲಿ ಚೆನ್ನಾಗಿದೆ ಸಾರ್? ಆ ಬಾಗಿಲು ತಂತಿ ಮೇಲೆ ನೇತಾಡ್ತಿದೆ. ಈ ಡ್ರಾಯರು ಕೆಳಗಿಂದ ಒದ್ರೇನೇ ತೆಗೆಯೋದು."

"ಅದು ಹಳೇ ಹಾನಿ. ಹಳೇ ಹಾನಿಗೂ ಹಾನಿ ಆಗಬಾರ್ದು ಅನ್ನೋದೇ ನಮ್ಮ ಧ್ಯೇಯ."

ಕೂಡಲೇ ಸಂರಕ್ಷಣೆ ಆರಂಭವಾಯಿತು. ಘಟಕದಲ್ಲಿ ಕಂಬಳಿಗಳಿದ್ದವು, ಆದರೆ ಕೊಳೆಯಾಗದಿರಲೆಂದು ಅವನ್ನು ಬೀಗ ಹಾಕಿ ಇಡಲಾಗಿತ್ತು. ಆದ್ದರಿಂದ ಕಿಟಕಿಯಕ್ಕನ ಹಾಸಿಗೆಯ ಮೇಲಿನ ಕಂಬಳಿಗಳನ್ನೇ ಎಳೆದು ತಂದು ಕಪಾಟಿಗೆ ಹೊದಿಸಿದರು. ಅದರ ಮೇಲೆ ಪ್ಲಾಸ್ಟಿಕ್ಕು, ಅದರ ಮೇಲೆ ಸುತ್ತುಸುತ್ತಾಗಿ ಟೇಪು. ಅಂಚುಗಳು ಸವೆಯದಿರಲೆಂದು ಬಡಗಿ ಹಲಗೆ ಇಟ್ಟು ಮೊಳೆ ಹೊಡೆದ. ಟಪ್ಪೆಂದು ಸದ್ದಾಗಿ ಕಂಬಳಿಯೊಳಗೆ ಬಾಗಿಲು ಸೀಳಿತು.

"ಅಯ್ಯೋ, ಒಡೆದೇ ಹೋಯ್ತಲ್ಲ ಸಾರ್!"

"ಗಾಬರಿ ಬೇಡಮ್ಮ. ಮನೆಯವರು ಮಾಡಿದ್ರೆ ಹಾನಿ. ನಾವು ಮಾಡಿದ್ರೆ ಸಂರಕ್ಷಣಾ ಗುರುತು."

"ಆದ್ರೆ ನನ್ನ ತಟ್ಟೆ, ಲೋಟ, ಹಿಟ್ಟಿನ ಡಬ್ಬ ಎಲ್ಲಾ ಒಳಗೇ ಉಳೀತು!"

ಅಧಿಕಾರಿಗಳು ಕಣ್ಣುಮುಚ್ಚಿ ನಿಯಮವನ್ನು ಬಾಯಿಪಾಠ ಒಪ್ಪಿಸಿದರು: "ಸಂರಕ್ಷಣೆಯ ಕಾಲಕ್ಕೆ ಕಪಾಟಿನ ಒಳಗಿರುವ ಸಮಸ್ತ ವಸ್ತುಗಳನ್ನು ಕಪಾಟಿನ ಅಂಗಾಂಗಗಳೆಂದೇ ಪರಿಗಣಿಸತಕ್ಕದ್ದು."

ಮೀಟರಣ್ಣ ಹೆಂಡತಿಯ ಕಿವಿಯಲ್ಲಿ, "ಸುಮ್ನಿರೇ, ಹೊಸ ಬಡ್ತಿ," ಅಂದ. ಆಕೆ ಕಿಟಕಿಯನ್ನು ನೆನೆದು ಉಳಿದ ಸಾಮಾನು ಕಟ್ಟತೊಡಗಿದಳು.

ಉಳಿದದ್ದು ಫ್ರಿಜ್ಜು. ಈ ಮನೆಗೆ ಫ್ರಿಜ್ಜು ಮೊದಲು ಬಂದಿತ್ತು, ಕಪಾಟು ಆಮೇಲೆ. ಇಲಾಖೆಯವರು ಫ್ರಿಜ್ಜನ್ನು ಒಳಗೇ ಬಿಟ್ಟು ಬಾಗಿಲವರೆಗೂ ಕಪಾಟು ಕಟ್ಟಿಸಿದ್ದರು. ಈಗ ಕಂಬಳಿ, ಹಲಗೆಗಳೂ ಸೇರಿ ದಾರಿ ಇನ್ನಷ್ಟು ಕಿರಿದಾಗಿ, ಕಿಟಕಿಯಕ್ಕನೇ ಅಡ್ಡಡ್ಡ ತಿರುಗಿ ಓಡಾಡಬೇಕಾಗಿತ್ತು; ಫ್ರಿಜ್ಜು ಹೊರಬರುವ ಮಾತೇ ಇರಲಿಲ್ಲ.

"ಒಂದು ಕಪಾಟು ಬಿಚ್ಚಿದ್ರೆ ಆಯ್ತು. ಸ್ಕ್ರೂ ತಾನೆ, ಆಮೇಲೆ ಹಾಕಿಕೊಡ್ತೀನಿ," ಅಂದ ಬಡಗಿ.

ಅಧಿಕಾರಿಗಳ ಮುಖ ಸಪ್ಪಗಾಯಿತು. "ಬಿಚ್ಚೋದಾ? ಸಂರಕ್ಷಣಾ ಘಟಕದವರು ನಾವು! ಗೋಡೆ ಒಡೀರಿ."

"ಗೋಡೆಗೆ ಹಾನಿ ಆಗಲ್ವಾ ಸಾರ್?" ಅಂದಳು ಕಿಟಕಿಯಕ್ಕ.

"ಗೋಡೆ ನಮ್ಮ ಘಟಕಕ್ಕೆ ಬರೋದಿಲ್ಲಮ್ಮ."

ಹಾರೆ ಬಿತ್ತು. ಧೂಳು ಇಳಿದ ಮೇಲೆ, ಆಕೆ ಇಷ್ಟು ವರ್ಷ ನೋಡಿಕೊಂಡು ನಿಂತಿದ್ದ ಗೋಡೆ ಇದ್ದಲ್ಲಿ ಬೆಳಕಿತ್ತು. ಬೀದಿ ಕಾಣುತ್ತಿತ್ತು. ಎದುರು ಸಾಲಿನಲ್ಲಿ ಯಾರೋ ಬಟ್ಟೆ ಒಣಹಾಕುತ್ತಿದ್ದರು, ಸೈಕಲ್ಲಿನಲ್ಲಿ ಯಾರೋ ಹೋದರು, ತಂಗಾಳಿ ಮುಖಕ್ಕೆ ಬಡಿಯಿತು. ಕಿಟಕಿಯಕ್ಕ ಎರಡು ಹೆಜ್ಜೆ ಮುಂದೆ ಹೋಗಿ ಬೆಳಕಿಗೆ ಮುಖವೊಡ್ಡಿದಳು. ಫ್ರಿಜ್ಜು ಹೊರಗೆ ಹೋದದ್ದನ್ನು ಆಕೆ ಗಮನಿಸಲೇ ಇಲ್ಲ. ಆಳುಗಳು ಇಟ್ಟಿಗೆಗಳನ್ನು ತಳ್ಳುಗಾಡಿಗೆ ತುಂಬಿ ಎದುರು ಸಾಲಿನ ಕಡೆ ತಳ್ಳಿಕೊಂಡು ಹೋದದ್ದನ್ನು ಮಾತ್ರ ನೋಡಿದಳು. ಎಲ್ಲೋ ಎಸೆಯಲು ಒಯ್ಯುತ್ತಿರಬೇಕು ಅಂದುಕೊಂಡಳು.

ಮಧ್ಯಾಹ್ನ ಹೊಸ ಮನೆಯ ಅಡುಗೆಮನೆಗೆ ಕಾಲಿಟ್ಟಾಗ ಒಳಗೆ ಕತ್ತಲು. ಕೈ ಅಭ್ಯಾಸಬಲದಿಂದ ದೀಪದ ಸ್ವಿಚ್ಚಿಗೆ ಹೋಯಿತು. ಕಿಟಕಿ ಇದ್ದ ಜಾಗದಲ್ಲಿ ಹಸಿ ಸಿಮೆಂಟು. ಇಟ್ಟಿಗೆಗಳ ಮೇಲೆ ಆಕೆಯದೇ ಒಗ್ಗರಣೆಯ ಹಳೇ ಕಲೆಗಳಿದ್ದವು.

"ಸಾರ್! ನನ್ನ ಕಿಟಕಿ ಎಲ್ಲಿ? ಬೆಳಿಗ್ಗೆ ಇತ್ತಲ್ಲ!"

"ಬಿಸಿಲು ಬಿದ್ರೆ ಈ ಮನೆ ಕಪಾಟಿನ ಬಣ್ಣ ಹೋಗುತ್ತಮ್ಮ," ಅಂದರು ಅಧಿಕಾರಿಗಳು ತೃಪ್ತಿಯಿಂದ. "ನೀವು ಬರೋಷ್ಟರಲ್ಲಿ ಮುಚ್ಚಿಸಿಬಿಡೋಣ ಅಂತ ಓಡಾಡಿ ಸಾಕಾಯ್ತು."

ಕಿಟಕಿಯಕ್ಕ ಒಲೆಯ ಕಟ್ಟೆಗೆ ಒರಗಿ ನಿಂತಳು. ಅಳು ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು, ಅದರ ಹಿಂದೆಯೇ ಒಂದು ಉಪಾಯ ಬಂತು.

"ಹೌದು ಸಾರ್, ಆ ಹಳೇ ಮನೇಲಿ ಈಗ ದೊಡ್ಡ ಬಾಯಿ ತೆರೆದಿದೆಯಲ್ಲ, ಅಲ್ಲಿ ಬಿಸಿಲು ಬೀಳಲ್ವಾ?"

"ಕಂಬಳಿ ಹೊದಿಸಿದ್ದೀವಲ್ಲ."

"ಹೊಸಬರು ಬಂದು ಕಂಬಳಿ ಬಿಚ್ಚಿದ್ರೆ? ಟೇಪಿನ ಜೊತೆ ಬಣ್ಣವೂ ಕಿತ್ತು ಬರುತ್ತೆ."

ಅಧಿಕಾರಿಗಳು ಬೆವರೊರೆಸಿಕೊಂಡರು.

"ನಾವೇ ಅಲ್ಲಿ ಇದ್ದುಬಿಟ್ರೆ ಸಾರ್? ಬಿಚ್ಚೋದೂ ಇಲ್ಲ, ಯಾರನ್ನೂ ಮುಟ್ಟೋಕೆ ಬಿಡೋದೂ ಇಲ್ಲ."

ಮೀಟರಣ್ಣ, "ನಿನಗೇನು ತಲೆ ಕೆಟ್ಟಿದೆಯಾ?" ಅಂತ ಬಾಯಿ ತೆರೆಯುವಷ್ಟರಲ್ಲಿ ಅಧಿಕಾರಿಗಳು ಕೈಮುಗಿದಿದ್ದರು. ಇಷ್ಟು ವರ್ಷಗಳ ಸೇವೆಯಲ್ಲಿ ಕಪಾಟಿನ ಹಿತ ಬಯಸಿದ ನಿವಾಸಿಯನ್ನು ಅವರು ಕಂಡಿದ್ದು ಇದೇ ಮೊದಲು.

ಮರುದಿನ ಪ್ರಕಟಣೆ ಹೊರಟಿತು: "ಮನೆ ಬದಲಾವಣೆಯು ಹಾನಿರಹಿತವಾಗಿ ಪೂರ್ಣಗೊಂಡಿರುತ್ತದೆ. ನಿವಾಸಿಗಳು ಹಿಂದಿನ ಮನೆಯಲ್ಲಿಯೇ ವಾಸಿಸತಕ್ಕದ್ದು." ಫ್ರಿಜ್ಜು ಗೋಡೆಯ ಬಾಯಿಂದಲೇ ಒಳಗೆ ಬಂತು. ಹೊದೆಯಲು ಕಂಬಳಿಯಿಲ್ಲದೆ ಮೀಟರಣ್ಣ ಹಳೇ ಪರದೆ ಹೊದ್ದು ಮಲಗತೊಡಗಿದ. ತಟ್ಟೆ ಲೋಟ ಹೊಸದಾಗಿ ಬಂದವು.

ಸುದ್ದಿ ತಿಳಿದ ಪಕ್ಕದ ಮನೆಯವರು ತಮ್ಮ ಕತ್ತಲೆಯ ಅಡುಗೆಮನೆ ನೋಡಿಕೊಂಡು ತಾವೂ ಮನೆ ಬದಲಾಯಿಸುತ್ತೇವೆಂದರು. ಅವರ ಪಕ್ಕದವರೂ ಅಂದರು. ಒಂದಾದ ಮೇಲೊಂದು ಗೋಡೆ ಬಿತ್ತು, ಯಾರೂ ಎಲ್ಲಿಗೂ ಹೋಗಲಿಲ್ಲ. ಇಲಾಖೆಯ ಇತಿಹಾಸದಲ್ಲಿ ಕಪಾಟುಗಳು ಇಷ್ಟು ಸುರಕ್ಷಿತವಾಗಿ ಎಂದೂ ಇರಲಿಲ್ಲವೆಂದು ಅಧಿಕಾರಿಗಳಿಗೆ ಶಾಲು ಹೊದಿಸಿದರು. ಆ ಶಾಲನ್ನು ಅವರು ಕಂಬಳಿಗಳ ಜೊತೆ ಬೀಗ ಹಾಕಿ ಇಟ್ಟರು.

ಈಗಲೂ ಜೀಪು ಆ ಬೀದಿಗೆ ಬಂದರೆ ಕಿಟಕಿಯಕ್ಕ ಬೆಳಕಿನಲ್ಲಿ ಕೂತು ತರಕಾರಿ ಹೆಚ್ಚುತ್ತಿರುತ್ತಾಳೆ.

"ಕಪಾಟು ಹೇಗಿದೆಯಮ್ಮ?" ಎಂದು ಅಧಿಕಾರಿಗಳು ಕೇಳುತ್ತಾರೆ.

"ಯಾರು ನೋಡಿದ್ದಾರೆ ಸಾರ್," ಎನ್ನುತ್ತಾಳೆ ಆಕೆ. "ಕ್ಷೇಮವಾಗಿದೆ."