ಪ್ರೆಸ್ಸಿನ ಫೈಲು, ಮೊಬೈಲಿನ ಪಾಡು

ಮಧುಗಿರಿಯಲ್ಲಿ ನಂದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಫ್ಲೆಕ್ಸು ಡಿಸೈನ್ ಮಾಡಿ ಪ್ರೆಸ್ಸಿಗೆ ಕಳಿಸೋದು ಕಸುಬು. ಪ್ರೆಸ್ಸಿನ ಫೈಲು ಮೊಬೈಲಲ್ಲಿ ತೆರೆಯಲ್ಲ, ಅದನ್ನ ಫೋಟೋ ಥರ ಜೆಪಿಜಿ ಮಾಡಿ ಕೊಡಬೇಕು. ವಿಷಯ ಇಷ್ಟೇ. ಇಷ್ಟಕ್ಕೇ ವಾರಕ್ಕೊಂದು ರಾಮಾಯಣ ಆಗುತ್ತೆ. "ಆ ಅಂಗ್ಡೀದು ಸರಿಯಿಲ್ಲ" ಅಂತ ಒಬ್ಬರು ಅಂದರೆ ಸಾಕು, ಗಿರಾಕಿಗಳೆಲ್ಲ ಎದುರಂಗಡಿಗೆ. ನನಗಿರೋ ಭಯ ಅದೊಂದೇ.

೧. ನೋಡಲು ಬಂದವರು

ಪಾವಗಡದ ಕಡೆಯ ಯಜಮಾನರೊಬ್ಬರಿಗೆ ಅವಸರದಲ್ಲಿ ಪ್ರೆಸ್ಸಿನ ಫೈಲನ್ನೇ ವಾಟ್ಸಾಪ್ ಮಾಡಿಬಿಟ್ಟೆ. ಫೋನು ಬಂತು.

"ಏಮಪ್ಪಾ, ಪತ್ರಿಕೆ ಓಪನ್ನೇ ಆಗ್ತಿಲ್ವಲ್ಲ?"

"ಅದು ನನ್ನ ಕಂಪ್ಯೂಟರಲ್ಲಿ ಮಾತ್ರ ಕಾಣುತ್ತೆ ಸ್ವಾಮಿ. ಸಂಜೆ ಬೇರೆ ಕಳಿಸ್ತೀನಿ."

ಯಜಮಾನರು ಮೊದಲ ಮಾತನ್ನ ಮಾತ್ರ ಕೇಳಿಸಿಕೊಂಡು, ಬೀಗರಿಗೂ ಅದನ್ನೇ ಹೇಳಿದ್ದರು. ಮಧ್ಯಾಹ್ನ ಅವರ ಬೀಗರ ಕಡೆಯ ಆರು ಜನ ಬಸ್ಸಿಳಿದು ಬಂದು, ಚಪ್ಪಲಿ ಹೊರಗೆ ಬಿಟ್ಟು, ಕಂಪ್ಯೂಟರ್ ಮುಂದೆ ಸಾಲಾಗಿ ನಿಂತು ಪತ್ರಿಕೆ ಓದಿದರು. ಕೊನೆಗೆ ಒಬ್ಬರು "ಊಟದ ವ್ಯವಸ್ಥೆ ಇಲ್ಲೇನಾ?" ಅಂದರು.

೨. ಹಸಿರು ಹುಡುಗಿ

ಪ್ರೆಸ್ಸಿನ ಬಣ್ಣವೇ ಬೇರೆ, ಮೊಬೈಲಿನ ಬಣ್ಣವೇ ಬೇರೆ. ಅದನ್ನ ಬದಲಿಸದೆ ಜೆಪಿಜಿ ಮಾಡಿದರೆ ಕೆಲವು ಫೋನಲ್ಲಿ ಬಣ್ಣ ಕೆಡುತ್ತೆ. ಸಿರಾದ ಹುಡುಗಿಯ ಫೋಟೋ ಹಾಕಿದ್ದ ಪತ್ರಿಕೆಗೆ ಹಾಗೇ ಆಯ್ತು. ಕೊರಟಗೆರೆಯ ಗಂಡಿನ ಮನೆ ಫೋನಲ್ಲಿ ಹುಡುಗಿ ಹಲಸಂದೆಕಾಯಿ ಹಸಿರಿಗೆ ತಿರುಗಿದ್ದಳು.

ಹುಡುಗಿಯ ತಾಯಿ ಅಂಗಡಿಗೇ ಬಂದರು. "ಏನ್ ಕಾಯ್ಲೆ ಅಂತ ಕೇಳ್ತಾವ್ರೆ ಕಣಣ್ಣ! ಮದುವೆ ನಿಂತ್ರೆ ನೀನೇ ಜವಾಬ್ದಾರಿ."

ಬಣ್ಣ ಸರಿಮಾಡಿ ತಕ್ಷಣ ಕಳಿಸಿದೆ. ಗಂಡಿನ ತಂದೆಯಿಂದ ಉತ್ತರ ಬಂತು: "ಈ ಹುಡುಗೀನೂ ಪರವಾಗಿಲ್ಲ. ಮೊದಲನೆಯವಳ ತಂಗೀನಾ?"

೩. ಬಾಣ

ಮಿಡಿಗೇಶಿ ಕಡೆಯ ಮುಖಂಡರೊಬ್ಬರು ಹಾಲಿನ ಡೈರಿ ಎಲೆಕ್ಷನ್ನಿಗೆ ನಿಂತಿದ್ದರು. ಅಧ್ಯಕ್ಷರಾಗಲೇಬೇಕು ಅಂತ ಹಟ. ಫ್ಲೆಕ್ಸಲ್ಲಿ ಮಧ್ಯೆ ಅವರ ದೊಡ್ಡ ಫೋಟೋ, ಕೆಳಗೆ ಅವರ ಗುಂಪಿಂದ ನಿಂತಿದ್ದ ಎಂಟು ಜನರ ಸಣ್ಣ ತಲೆಗಳು.

"ಐದು ನಿಮಿಷ ಕೂತ್ಕೊಳ್ಳಿ, ಜೆಪಿಜಿ ಮಾಡ್ಕೊಡ್ತೀನಿ" ಅಂದೆ.

"ಬಸ್ ಹೊಂಟೋಯ್ತದೆ ಬುಡಪ್ಪ" ಅಂತ ಅವರು ಕಂಪ್ಯೂಟರ್ ಪರದೆಯನ್ನೇ ಮೊಬೈಲಲ್ಲಿ ಫೋಟೋ ಹೊಡ್ಕೊಂಡು, ಊರಿಗೆಲ್ಲ ಕಳಿಸಿಬಿಟ್ಟರು.

ಪರದೆ ಮೇಲಿನ ಮೌಸಿನ ಬಾಣ ಮೂಲೆಯಲ್ಲಿದ್ದ ಕುರಿ ಸಾಕೋ ಯುವಕನ ತಲೆ ಮೇಲೆ ನಿಂತಿತ್ತು. ಪಾಪ, ಅವನು ಬಾಯಿಬಿಟ್ಟು ನಾಲ್ಕು ಮಾತಾಡಿದವನಲ್ಲ. ಸಂಖ್ಯೆಗೆ ಸೇರಿಸಿಕೊಂಡಿದ್ದರು.

ಊರಲ್ಲಿ ಚರ್ಚೆ ಶುರುವಾಯ್ತಂತೆ. "ಇವ್ನಿಗೊಬ್ಬನಿಗೇ ಯಾಕ್ಲಾ ಬಾಣ?" "ಸುಮ್ನೆ ಹಾಕ್ತಾರೇನ್ಲಾ? ಮೇಲಿಂದ ಯೋಳಿರ್ತಾರೆ!"

ಎಲೆಕ್ಷನ್ನಲ್ಲಿ ಇಡೀ ಗುಂಪಲ್ಲಿ ಗೆದ್ದವನು ಅವನೊಬ್ಬನೇ.

ಫಲಿತಾಂಶದ ಮಾರನೇ ದಿನ ಮುಖಂಡರು ಅಂಗಡಿಗೆ ಬಂದರು. ನನ್ನ ಕಥೆ ಮುಗೀತು ಅಂದ್ಕೊಂಡು ಎದ್ದು ನಿಂತೆ. ಅವರು ಸದ್ದಿಲ್ಲದೆ ಬಾಗಿಲು ಮುಂದೆ ಮಾಡಿ, ಕುರ್ಚಿ ಎಳಕೊಂಡು ಕೂತರು.

"ಪಂಚಾಯ್ತಿ ಎಲೆಕ್ಷನ್ ಬತ್ತೈತೆ. ಆ ಬಾಣ ಬೇರೆ ಯಾರ್ಗೂ ಕೊಡ್ಬ್ಯಾಡ. ನಂಗೆ ಎಲ್ಡು ಇರ್ಲಿ."