ಭವಿತಾಳ ಜರ್ಮನಿ ಪೂರ್ವಸಿದ್ಧತೆ

ವಿದೇಶಕ್ಕೆ ಪಿಎಚ್‌ಡಿ ಮಾಡಲು ಹೋಗುವವರು ತಾವು ಹೋಗಲು ಸಿದ್ಧರಿದ್ದೇವೆಯೇ ಇಲ್ಲವೇ ಎಂಬುದನ್ನು ತಾವಾಗಿ ತೀರ್ಮಾನಿಸತಕ್ಕದ್ದಲ್ಲ. ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಮಟ್ಟಿಗೆ ಆ ಅಧಿಕಾರ ಪುತ್ತೂರಿನ ದರ್ಬೆಯಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿರುವ ವಿದೇಶ ಸಂಶೋಧನಾ ಪೂರ್ವಸಿದ್ಧತಾ ಕೇಂದ್ರಕ್ಕೆ ಸೇರಿದ್ದು. ಕೇಂದ್ರ ಸ್ಥಾಪನೆಯಾಗಿ ಒಂಬತ್ತು ವರ್ಷವಾಯಿತು. ಅಲ್ಲಿ ನಲವತ್ತೊಂದು ಮಂದಿ ಸಿದ್ಧರಾಗುತ್ತಿದ್ದು, ಅವರಲ್ಲಿ ಒಬ್ಬರಾದರೂ ಕೈತಪ್ಪಿ ವಿದೇಶಕ್ಕೆ ಹೋದ ಉದಾಹರಣೆ ಇಲ್ಲ.

ಸುಳ್ಯ ತಾಲೂಕಿನ ಮರ್ಕಂಜದ ಭವಿತಾ ಇದು ತಿಳಿಯದೆ ಜೂನ್ ತಿಂಗಳ ಒಂದು ಸೋಮವಾರ ಅಲ್ಲಿಗೆ ಹೋದಳು. ಗುಡುಗಿನ ಮಳೆ ಬಂದ ಮೇಲೆ ಹುತ್ತದ ಬುಡದಲ್ಲಿ ಏಳುವ ಅಣಬೆಯ ಬಗ್ಗೆ ಅವಳು ಎಂ.ಎಸ್ಸಿ.ಯಲ್ಲಿ ಮಾಡಿದ ಕೆಲಸವನ್ನು ಓದಿ, ಜರ್ಮನಿಯ ಪ್ರೊಫೆಸರೊಬ್ಬರು ಪಿಎಚ್‌ಡಿಗೆ ಸೀಟು ಕೊಟ್ಟಿದ್ದರು. ಸರಕಾರದ ವಿದ್ಯಾರ್ಥಿವೇತನವೂ ಮಂಜೂರಾಗಿತ್ತು. ಅಕ್ಟೋಬರ್ ಒಂದಕ್ಕೆ ಅಲ್ಲಿರಬೇಕು. ವಿದ್ಯಾರ್ಥಿವೇತನ ಬಿಡುಗಡೆಯಾಗಲು ಬೇಕಾದದ್ದು ಒಂದೇ ಕಾಗದ, ಪೂರ್ವಸಿದ್ಧತಾ ಪ್ರಮಾಣಪತ್ರ. ಅರ್ಧ ಗಂಟೆಯ ಕೆಲಸವೆಂದು ಅವಳು ಬುತ್ತಿಯನ್ನೂ ತಂದಿರಲಿಲ್ಲ.

ಕೇಂದ್ರದ ಅಧೀಕ್ಷಕ ಜಯಪ್ರಕಾಶರು ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಅಲ್ಲಿ ಹೋಗಿ ಎಂತ ಕಂಡುಹಿಡಿಯುದು?"

"ಗುಡುಗಿಗೂ ಅಣಬೆಗೂ ಸಂಬಂಧ ಉಂಟಾ ಇಲ್ವಾ ಅಂತ, ಸರ್."

"ಉಂಟಾ?"

"ಅದನ್ನು ನೋಡ್ಲಿಕ್ಕೇ ಹೋಗುದು."

"ಹಾಗೆ ಹೇಳಿದ್ರೆ ಆಗ್ಲಿಕ್ಕಿಲ್ಲ. ನಿಯಮ ಏಳು, ಉಪನಿಯಮ 'ಆ'. ವಿದೇಶದಲ್ಲಿ ಕಂಡುಹಿಡಿಯತಕ್ಕ ಸಂಗತಿಗಳನ್ನು ಅಭ್ಯರ್ಥಿಯು ಮುಂಚಿತವಾಗಿ ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು. ನಾಳೆ ನೀವು ಅಲ್ಲಿ ದೇಶಕ್ಕೆ ಆಗದ್ದು ಎಂತಾದ್ರೂ ಕಂಡುಹಿಡಿದ್ರೆ ಉತ್ತರ ಕೊಡುದು ಯಾರು? ನಾನು."

"ಅಣಬೆಯಲ್ಲಿ ದೇಶಕ್ಕೆ ಆಗದ್ದು ಎಂತ ಇರ್ತದೆ ಸರ್?"

"ಯಾಕೆ, ವಿಷದ ಅಣಬೆ ಇಲ್ವಾ?"

ಭವಿತಾ ಅರ್ಜಿಯನ್ನು ವಾಪಸು ತೆಗೆದುಕೊಂಡು ಮನೆಗೆ ಹೊರಟಳು.

ಎರಡು ದಿನ ಅವಳು ಖಾಲಿ ಹಾಳೆಯ ಮುಂದೆ ಕುಳಿತಳು. ಮೂರನೆಯ ದಿನ ತಾಯಿ ಪ್ರೇಮಾವತಿಯೇ ಸಂಗತಿ ಕೇಳಿ ತಿಳಿದು ಸಮಾಧಾನ ಹೇಳಿದರು: "ಅಷ್ಟೇ ಅಲ್ವಾ? ಗುಡುಗು ಬಂದ್ರೆ ಅಣಬೆ ಏಳ್ತದೆ ಅಂತ ಬರೆದು ಕೊಡು. ನನ್ನ ಅಜ್ಜಿಗೇ ಗೊತ್ತಿತ್ತು."

"ಅಮ್ಮ, ಅದು ಹೌದಾ ಅಲ್ವಾ ಅಂತ ಹೇಳ್ಲಿಕ್ಕೆ ನಾಲ್ಕು ವರ್ಷ ಬೇಕು."

"ನಾಲ್ಕು ವರ್ಷವಾ? ಒಂದು ಮಳೆಗಾಲ ಸಾಕು ಮಾರಾಯ್ತಿ."

ಭವಿತಾ ಕುಳಿತು ಬರೆದಳು. ನಾಲ್ಕು ವರ್ಷದ ಬಳಿಕ ತಿಳಿಯಬೇಕಾದದ್ದು ಹದಿನಾರು ದಿನಗಳಲ್ಲಿ, ಅರವತ್ತೆರಡು ಪುಟಗಳಲ್ಲಿ ತಿಳಿಯಿತು. ಕೋಷ್ಟಕಗಳಲ್ಲಿ ಇಲ್ಲದ ಅಂಕಿಗಳನ್ನು ತುಂಬುವಾಗ ಮೊದಲು ಪ್ರತಿಯೊಂದನ್ನೂ ಎರಡೆರಡು ಸಲ ಅಳಿಸಿದಳು. ಮೂರನೆಯ ಕೋಷ್ಟಕದ ಹೊತ್ತಿಗೆ ಅಳಿಸುವುದು ನಿಂತಿತು.

ಜಯಪ್ರಕಾಶರು ಓದಿ ಮೆಚ್ಚಿದರು. ಮೆಚ್ಚಿದ್ದರಿಂದಲೇ ಒಂದು ಆಕ್ಷೇಪಣೆ ಹುಟ್ಟಿತು. "ಇಷ್ಟು ಚಂದ ಇಲ್ಲಿಯೇ ಕಂಡುಹಿಡಿದ ಮೇಲೆ ಅಲ್ಲಿಗೆ ಹೋಗುದು ಯಾಕೆ?" ಎಂದು ಅವರು ಮೇಲಿನವರಿಗೆ ಬರೆದು ಕೇಳಿದರು. ಐದು ವಾರಗಳ ನಂತರ ಉತ್ತರ ಬಂತು: ಹೋಗಬಹುದು. ಆದರೆ ನಿಯಮ ಹನ್ನೆರಡರಂತೆ, ಅಭ್ಯರ್ಥಿಯು ಸಿದ್ಧಳಿದ್ದರಷ್ಟೇ ಸಾಲದು, ಅಭ್ಯರ್ಥಿಯನ್ನು ಬರಮಾಡಿಕೊಳ್ಳುವ ದೇಶವೂ ಸಿದ್ಧವಿದೆಯೇ ಎಂದು ಸ್ಥಳ ಪರಿಶೀಲನೆ ನಡೆಸತಕ್ಕದ್ದು.

ಭವಿತಾಳ ವಿದ್ಯಾರ್ಥಿವೇತನದ ಪ್ರಯಾಣದ ಬಾಬ್ತಿನಿಂದ ಜಯಪ್ರಕಾಶರು ಜರ್ಮನಿಗೆ ಹೋದರು. ಅಭ್ಯರ್ಥಿಯು ಮಹಿಳೆಯಾದ ಕಾರಣ ಅವರ ಹೆಂಡತಿಯೂ ಹೋಗಬೇಕಾಯಿತು. ಹನ್ನೊಂದು ದಿನಗಳ ಪರಿಶೀಲನೆಯ ಬಳಿಕ ಸಲ್ಲಿಸಿದ ವರದಿ ಹೀಗಿತ್ತು: "ಜರ್ಮನಿಯು ಇದ್ದ ಜಾಗದಲ್ಲಿಯೇ ಇದೆ. ಚಳಿ ಉಂಟು. ಅಣಬೆ ಅಂಗಡಿಯಲ್ಲಿ ಸಿಗುತ್ತದೆ. ಗುಡುಗು ಕೇಳಿಸಲಿಲ್ಲ. ಮತ್ತೊಮ್ಮೆ ಹೋಗಿ ಕೇಳುವುದು ಸೂಕ್ತ."

ಭವಿತಾಳಿಗೆ ಅವರು ಒಂದು ಚಾಕಲೇಟು ತಂದುಕೊಟ್ಟರು.

ಆಗ ಸೆಪ್ಟೆಂಬರ್ ಇಪ್ಪತ್ತಾಗಿತ್ತು. ಚಾಕಲೇಟು ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತ ಹುಡುಗಿಯನ್ನು ಕಂಡು ಕೇಂದ್ರದ ಗುಮಾಸ್ತೆ ಶಂಕರಿಗೆ ಕನಿಕರವಾಯಿತು.

"ನಿಮಗೆ ಯಾರೂ ಹೇಳ್ಲಿಲ್ವಾ? ಸಿದ್ಧ ಆಗ್ತಾ ಇರುವವರು ಇದ್ದಾರೆ ಅಂತ ಈ ಆಫೀಸು ಇರುದು. ಎಲ್ಲ ಹೊರಟುಹೋದ್ರೆ ನಾವು ಎಂತ ಮಾಡುದು? ಕಡಬದವರು ಒಬ್ಬರು ಇದ್ದಾರೆ. ಸೇರುವಾಗ ಮದುವೆ ಆಗಿರ್ಲಿಲ್ಲ. ಈಗ ಮಗು ಎರಡನೇ ಕ್ಲಾಸು. ಬಹಳ ಶ್ರದ್ಧೆಯವರು, ಇನ್ನೂ ಸಿದ್ಧ ಆಗ್ತಾ ಇದ್ದಾರೆ."

"ನನಗೆ ಸಿದ್ಧ ಆಗುದು ಬೇಡ ಶಂಕರಿ ಅಕ್ಕ. ನನಗೆ ಹೋಗ್ಬೇಕು."

"ಹಾಗೆಲ್ಲ ಜೋರಾಗಿ ಹೇಳ್ಬೇಡಿ. ಫೈಲಿನಲ್ಲಿ ಬರೀತಾರೆ," ಎಂದರು ಶಂಕರಿ.

ಅಕ್ಟೋಬರ್ ಎಂಟರಂದು ಪ್ರೊಫೆಸರರ ಮಿಂಚಂಚೆ ಬಂತು. ತುಂಬ ಕಾದೆವು, ವಿಷಾದವಿದೆ, ಸೀಟು ಬೇರೊಬ್ಬರಿಗೆ ಹೋಯಿತು. ಭವಿತಾ ಅದನ್ನು ಮುದ್ರಿಸಿ ಕೈಯಲ್ಲಿ ಹಿಡಿದು ಪುತ್ತೂರಿಗೆ ಹೊರಟಳು. ಸುಳ್ಯದಲ್ಲಿ ಬಸ್ಸು ಹತ್ತಿದಾಗಿನಿಂದ ದರ್ಬೆಯಲ್ಲಿ ಇಳಿಯುವವರೆಗೆ, ಆಡಬೇಕಾದ ಮಾತುಗಳನ್ನೆಲ್ಲ ಒಂದೊಂದಾಗಿ ಬಾಯಿಪಾಠ ಮಾಡಿದಳು. ಅವುಗಳಲ್ಲಿ ಕೆಲವು ಅವಳು ಅಲ್ಲಿಯತನಕ ಯಾರೆದುರೂ ಆಡಿರದ ಮಾತುಗಳಾಗಿದ್ದವು.

ಜಯಪ್ರಕಾಶರು ಕಾಗದವನ್ನು ಓದಿದವರೇ ಎದ್ದು ನಿಂತು ಕೈಮುಗಿದರು.

"ಅಭಿನಂದನೆ ಭವಿತಾ. ಇನ್ನು ಯಾವ ಅಡ್ಡಿಯೂ ಇಲ್ಲ."

"ಯಾವುದಕ್ಕೆ?"

"ಪ್ರಮಾಣಪತ್ರಕ್ಕೆ! ಕೊಟ್ಟ ಕೂಡ್ಲೇ ಅಭ್ಯರ್ಥಿ ಹೋಗಿಬಿಡ್ತಾರೆ ಅನ್ನುವುದೊಂದೇ ಇಷ್ಟರವರೆಗೆ ಇದ್ದ ತೊಂದರೆ. ನಿಮ್ಮ ವಿಷಯದಲ್ಲಿ ಅದು ನಿವಾರಣೆ ಆಯ್ತು. ಒಂಬತ್ತು ವರ್ಷದಲ್ಲಿ ನೀವೇ ಮೊದಲು."

ಬಾಯಿಪಾಠ ಮಾಡಿದ್ದೆಲ್ಲ ಭವಿತಾಳ ಗಂಟಲವರೆಗೆ ಬಂತು. ಆದರೆ ಬಾಯಿ ತೆರೆದಾಗ ಬಂದದ್ದು ಬೇರೆಯೇ ಮಾತು: "ಯಾವಾಗ ಕೊಡ್ತೀರಿ ಸರ್?"

ನವೆಂಬರಿನಲ್ಲಿ ಪುತ್ತೂರಿನ ಸಭಾಭವನವೊಂದರಲ್ಲಿ ಅವಳಿಗೆ ಶಾಲು ಹೊದೆಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಸಮೇತ ಪ್ರಮಾಣಪತ್ರವನ್ನು ಕೊಡಲಾಯಿತು. ಜರ್ಮನಿಗೆ ಹೋಗುವ ಗೋಜಿಲ್ಲದೆ ಅಲ್ಲಿಯ ಸಂಶೋಧನೆಯನ್ನು ಮುಗಿಸಿದ ಜಿಲ್ಲೆಯ ಪ್ರಥಮ ಯುವತಿ ಎಂದು ಮೈಕಿನಲ್ಲಿ ಘೋಷಣೆಯಾಯಿತು. ಅರವತ್ತೆರಡು ಪುಟಗಳನ್ನು ಕೇಂದ್ರವೇ ಪುಸ್ತಕವಾಗಿ ತಂದಿತ್ತು. ಮುಖಪುಟದಲ್ಲಿ ಜಯಪ್ರಕಾಶರ ಹೆಸರು, ಕೆಳಗೆ ಸಣ್ಣಕ್ಷರದಲ್ಲಿ "ಸಹಾಯ: ಭವಿತಾ". ಪ್ರೇಮಾವತಿ ಮುಂದಿನ ಸಾಲಿನಲ್ಲಿ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಂಡರು. ಊರಿಗೆ ಮರಳುವ ಹೊತ್ತಿಗೆ ಅಕ್ಕಪಕ್ಕದವರೆಲ್ಲ ಅವಳನ್ನು ಡಾಕ್ಟರೆಂದೇ ಕರೆಯತೊಡಗಿದ್ದರು. ಮೊದಲ ವಾರ ಭವಿತಾ "ಅಲ್ಲ" ಎನ್ನುತ್ತಿದ್ದಳು.

ಡಿಸೆಂಬರಿನಲ್ಲಿ ನೆರೆಮನೆಯ ತ್ಯಾಂಪಣ್ಣ ತಮ್ಮ ಮಗಳು ಸುಪ್ರಿತಾಳನ್ನು ಕರೆದುಕೊಂಡು ಬಂದರು. ಹುಡುಗಿಗೆ ನಾರ್ವೆಯಲ್ಲಿ ಮೀನುಗಳ ಬಗ್ಗೆ ಪಿಎಚ್‌ಡಿ ಮಾಡಲು ಸೀಟು ಸಿಕ್ಕಿತ್ತು. ಅವಳು ಪತ್ರವನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದಳು.

"ಇವಳನ್ನೂ ಅಲ್ಲಿಗೆ ಸೇರಿಸುದು ಅಂತ," ಎಂದರು ತ್ಯಾಂಪಣ್ಣ. "ನಾರ್ವೆ ಎಲ್ಲ ದೂರ ಆಯ್ತು. ಹೋಗುದೆಂತ ಬೇಡ, ನಿಮ್ಮ ಹಾಗೆ ಸಿದ್ಧ ಆದ್ರೆ ಸಾಕು."

ಭವಿತಾ ಹುಡುಗಿಯ ಮುಖವನ್ನು ಒಂದು ಗಳಿಗೆ ನೋಡಿದಳು.

"ಮೀನಿನ ಬಗ್ಗೆ ಎಂತ ಕಂಡುಹಿಡಿಯುದು ಅಂತ ಈಗಲೇ ಬರೆದಿಡು," ಎಂದಳು. "ಮೂರು ಪ್ರತಿ. ಕೋಷ್ಟಕ ತುಂಬಿಸ್ಲಿಕ್ಕೆ ನಾನು ಹೇಳಿಕೊಡ್ತೇನೆ."