ನನ್ನ ಬಲಗೈ ನಿವೃತ್ತಿಯಾದ ವಾರ

"ಇವತ್ತಿನಿಂದ ಈ ಕೈ ರಿಟೈರ್ಡ್!"

ಸೋಮವಾರ ಬೆಳಿಗ್ಗೆ ನಾನು ಹೀಗೆ ಘೋಷಿಸಿದಾಗ ನಮ್ಮ ನಾಸಿಕದ ಫ್ಲ್ಯಾಟಿನಲ್ಲಿ ಚಪ್ಪಾಳೆಯೇನೂ ಬೀಳಲಿಲ್ಲ. ಗಂಡ ಮಧುಕರ ಪೇಪರಿನಿಂದ ತಲೆ ಎತ್ತಿದರು. ಮಗಳು ರುಚಿತಾ ಒಂದು ಕಿವಿಯಿಂದ ಇಯರ್‌ಫೋನ್ ತೆಗೆದಳು. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಸನ್ಮಾನ ಇಲ್ಲ!

ಬೆರಳಿನಿಂದ ಕಂಕುಳದವರೆಗೆ ಬಿಳಿ ಪಟ್ಟಿ ಸುತ್ತಿಸಿಕೊಂಡ ಕೈ, ಊರಿನಿಂದ ಬಂದ ನೆಂಟರಂತೆ ದಿಂಬಿನ ಮೇಲೆ ಮಲಗಿತ್ತು. ಹಿಂದೆ ಸಂಭಾಜಿನಗರದಲ್ಲಿದ್ದಾಗ ನನ್ನ ಬಲ ಸ್ತನಕ್ಕೆ ಕ್ಯಾನ್ಸರ್ ಆಪರೇಶನ್ ಆಗಿತ್ತು. ಕಂಕುಳದ ಗಂಟುಗಳನ್ನೂ ತೆಗೆದಿದ್ದರು. ಕ್ಯಾನ್ಸರ್ ಹೋಯಿತು. ಗಂಡನ ಬ್ಯಾಂಕು ನಮ್ಮನ್ನು ನಾಸಿಕಕ್ಕೆ ಎತ್ತಿಹಾಕಿತು. ಇಲ್ಲಿ ಬಂದಮೇಲೆ ಕೈ ಊದತೊಡಗಿತು. ಒತ್ತಿದರೆ ಕುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಒಮ್ಮೊಮ್ಮೆ ನಾನು ಒತ್ತದ ಕಡೆಯೂ ಕುಳಿ ಇರುತ್ತಿತ್ತು, ಯಾರೋ ಹಿಡಿದು ಎಳೆದು ಬಿಟ್ಟುಹೋದ ಹಾಗೆ.

ಚಿಕಿತ್ಸೆ ಕೊಡುವವಳು ಬೀದರ ಕಡೆಯ ಶಬಾನಾ, ಫಿಜಿಯೋಥೆರಪಿಸ್ಟ್. ಹಿಂದಿನ ದಿನ ಮನೆಗೆ ಬಂದಿದ್ದಳು.

"ಲಾಸಲಗಾಂವ್ ರಸ್ತೆ ನೋಡೀರೇನ್ರಿ ಅಕ್ಕಾ? ಮಾರ್ಕೆಟ್ ಗೇಟ್ ಬಂದ್ ಆದ್ರ ಉಳ್ಳಾಗಡ್ಡಿ ಟ್ರ್ಯಾಕ್ಟರ್ ಸಾಲಾಗಿ ನಿಂತುಬಿಡ್ತಾವ. ನಿಮ್ಮ ಕೈಯಾಗಿನ ನೀರೂ ಹಂಗ ನಿಂತದ. ಗಂಟ ತಗದ ಮ್ಯಾಲ ಗೇಟ್ ಬಂದ್. ನಾವು ಬ್ಯಾರೆ ಓಣಿ ಹಿಡಿಸಿ ಕಳಸಬೇಕು."

ಹೀಗೆಂದು ಅವಳು ಕೈಯನ್ನು ಬಿಟ್ಟು ಮೊದಲು ನನ್ನ ಕುತ್ತಿಗೆ ಮುಟ್ಟಿದಳು. ಆಮೇಲೆ ಎದೆ, ಭುಜ. ಬೆಕ್ಕಿನ ಮರಿ ಸವರಿದಷ್ಟು ಹಗುರ.

"ಇಷ್ಟ ಹಗರ ಒತ್ತಿದ್ರ ಏನ್ ಆಗ್ತದವಾ? ನಾ ಜೋರ್ ಒತ್ತಲೇನು?" ಎಂದರು ನಮ್ಮವರು.

"ಸರ್, ಅದು ಚಪಾತಿ ಹಿಟ್ಟಲ್ರಿ!"

"ಚಪಾತಿ ಹಿಟ್ಟು ಹೆಂಗಿರ್ತದ ಅಂತ ಅವರಿಗೆ ಎಲ್ಲಿ ಗೊತ್ತದ ಶಬಾನಾ," ಎಂದೆ ನಾನು.

ಪಟ್ಟಿ ಕಟ್ಟಿ ಮುಗಿಸಿ ಅವಳು ಕಟ್ಟಪ್ಪಣೆ ಮಾಡಿದಳು. "ಹಗುರ ವ್ಯಾಯಾಮ ಮಾಡ್ರಿ. ಆದ್ರ ಬಟ್ಟಿ ಹಿಂಡೂದು, ಬಕೆಟ್ ಎತ್ತೂದು, ರೊಟ್ಟಿ ಬಡಿಯೂದು ಸದ್ಯಕ್ಕ ಬಂದ್. ಶನಿವಾರ ಅಳತಿ ತಗೋತೀನಿ. ಊತ ಇಳೀತಂದ್ರ ಕೈಗೆ ಹಾಕೋ ಬಿಗಿ ಸ್ಲೀವ್ ತರಸೋಣ. ಇಳೀಲಿಲ್ಲಾ, ಮತ್ತ ಮೊದಲಿಂದ. ಹಂಗ ಬಿಟ್ರ ಕೈ ಕಟ್ಟಿಗಿ ಆಗ್ತದ್ರಿ."

ಅದಕ್ಕೇ ಈ ನಿವೃತ್ತಿ. ರೊಟ್ಟಿ, ಪಲ್ಯ ಗಂಡನಿಗೆ. ಪಾತ್ರೆ, ಬಟ್ಟೆ ಮಗಳಿಗೆ. ಇಬ್ಬರೂ "ಹೂಂ" ಎಂದರು. ನಾನು ಸೋಫಾ ಎಂಬ ಸಿಂಹಾಸನ ಏರಿ, ಗದಗಿನ ತಂಗಿ ನಿರುಪಮಾಗೆ ಫೋನ್ ಹಚ್ಚಿದೆ.

ಆಹಾ, ಎಂಥ ಕುಟುಂಬ! ಯಾರೂ ಗೊಣಗಲಿಲ್ಲ, ಪಾತ್ರೆಯ ಸದ್ದೂ ಆಗಲಿಲ್ಲ. ಆದರೆ ತೊಳೆದ ಬೋಗುಣಿಗಳು ಬೋರಲು ಬಿದ್ದು ನೀರು ತೊಟ್ಟಿಕ್ಕಿಸುತ್ತಿದ್ದವು. ಬುಟ್ಟಿಯಲ್ಲಿ ಬಿಸಿ ರೊಟ್ಟಿ. ಬಾಲ್ಕನಿಯಲ್ಲಿ ಹಿಂಡಿ ಒಣಹಾಕಿದ ಬಟ್ಟೆ. ಯಾವಾಗ ಮಾಡುತ್ತಾರೋ, ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಕೈ ಮಾತ್ರ ಸಂಜೆಯಾದರೆ ಕೂಲಿ ಮಾಡಿ ಬಂದಂತೆ ಭಾರವಾಗಿ ಮಿಡಿಯುತ್ತಿತ್ತು. ಪಟ್ಟಿಯ ತುದಿ ಒದ್ದೆ. ಬೆವರಿರಬೇಕು ಎಂದುಕೊಂಡೆ.

ಗುರುವಾರ ಪಟ್ಟಿ ಬಿಚ್ಚಿದ ಶಬಾನಾಳ ಮುಖ ಇಳಿಯಿತು. "ಅಕ್ಕಾ, ಇಳಿಯೋದು ದೂರ ಉಳೀತು, ಮತ್ತಷ್ಟು ಏರ್ಯಾದ. ಖರೇ ಹೇಳ್ರಿ, ಏನ್ ಕೆಲಸ ಮಾಡಾಕತ್ತೀರಿ?"

"ದೇವರಾಣೆ, ಲೋಟಾ ಸುದ್ದಾ ಎತ್ತಿಲ್ಲ!"

ಅಂದು ಊಟಕ್ಕೆ ಕುಳಿತಾಗ ಹೊಗಳಿದೆ. "ಏನ್ರಿ, ರೊಟ್ಟಿ ಭಾಳ ಛಲೋ ಬಡೀತೀರಿ."

ಮಧುಕರರ ತುತ್ತು ಗಾಳಿಯಲ್ಲಿ ನಿಂತಿತು. "ನಾನಾ? ರುಚಿತಾ ಮಾಡ್ಯಾಳಲ್ಲ?"

"ಮೀ ನಾಹಿ ಹಂ! ನಾನ್ ಅಲ್ಲ! ಪಪ್ಪಾನೇ ಎಲ್ಲಾ ಮಾಡ್ತಾರೆ ಅನ್ಕೊಂಡೆ. ಭಾಂಡಿ, ಪಾತ್ರೆ ಕೂಡ."

"ಭಾಂಡೆ ನೀ ತಿಕ್ಕಿಲ್ಲಾ?"

"ನಾಹಿ."

ಮೂವರೂ ಮೆಲ್ಲಗೆ ಅಡುಗೆಮನೆಯ ಕಡೆ ತಿರುಗಿದೆವು. ಒಳಗೆ ದೀಪವಿರಲಿಲ್ಲ. ಸಿಂಕಿನಲ್ಲಿ ಒಂದು ಹನಿ ಟಪ್ ಎಂದಿತು. ಬಾಯಲ್ಲಿದ್ದ ರೊಟ್ಟಿಯನ್ನು ನುಂಗಬೇಕೋ ಉಗುಳಬೇಕೋ ತಿಳಿಯಲಿಲ್ಲ. ಮಧುಕರ ನುಂಗಿದರು.

"ಯಾರರೆ ಇರ್ಲಿ. ರೊಟ್ಟಿ ಮೆತ್ತಗದ. ಕಾಡಲಾರದ ದೆವ್ವ ಇದ್ರ ಇದ್ಕೊಂಡ್ ಹೋಗ್ಲಿ ಬಿಡು."

ನಾನು ಬಿಡುವವಳೇ? ನಮ್ಮ ಕಡೆ ಯಾರಾದರೂ ತೀರಿಕೊಂಡರೆ ದೀಪದ ಬಳಿ ಹಿಟ್ಟು ಹರಡಿ, ಸತ್ತವರ ಹೆಜ್ಜೆ ಮೂಡಿತೇ ಎಂದು ನೋಡುತ್ತಾರೆ. ಶುಕ್ರವಾರ ಬೆಳಿಗ್ಗೆ ಅಡುಗೆಮನೆಯ ನೆಲದ ತುಂಬ ಜೋಳದ ಹಿಟ್ಟು ಹರಡಿದೆ. ಎಡಗೈಯಿಂದ! "ಯಾರೂ ಒಳಗ ಕಾಲ ಇಡಬ್ಯಾಡ್ರಿ," ಎಂದು ಆಜ್ಞೆ ಹೊರಡಿಸಿ ಸೋಫಾ ಏರಿದೆ. ಗಂಡ ಬ್ಯಾಂಕಿಗೆ, ಮಗಳು ಕಾಲೇಜಿಗೆ ಹೋದರು. ಫೋನ್ ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ನಿರುಪಮಾಳ ಅತ್ತೆಯ ಪುರಾಣ ಕೇಳುತ್ತಿದ್ದೆ. ಪುರಾಣ ರಂಗೇರಿದಾಗ ಅವಳು ಥಟ್ಟನೆ ನಿಲ್ಲಿಸಿದಳು.

"ಅಕ್ಕಾ, ಏನದು? ಥಪ್ ಥಪ್ ಅಂತ ಸಪ್ಪಳ?"

ನನಗೂ ಕೇಳಿಸಿತು. ಥಪ್. ಥಪ್. ರೊಟ್ಟಿ ಬಡಿಯುವ ಸದ್ದು!

"ನಿನಗೂ ಕೇಳಸ್ತದೇನ? ಭಾಳ ಹತ್ತರದಿಂದ ಬರಾಕತ್ತದ ನಿರುಪಮಾ!"

ಕಣ್ಣು ಮುಚ್ಚಿದೆ. ಸದ್ದು ನಿಂತಿತು. ಒಂದೇ ಉಸಿರಿಗೆ ಓಡಿಬಂದು ಸೋಫಾದ ಮೇಲೆ ಕುಕ್ಕರಿಸಿದೆ. ಎಲ್ಲಿಂದ ಓಡಿಬಂದೆ ಎಂಬುದು ಆಗ ಹೊಳೆಯಲಿಲ್ಲ.

ಸಂಜೆ ಮೂವರೂ ಅಡುಗೆಮನೆಯ ಬಾಗಿಲಲ್ಲಿ ನಿಂತು ಇಣುಕಿದೆವು. ಹಿಟ್ಟಿನ ತುಂಬ ಹೆಜ್ಜೆ!

ಆಜ್ಞೆ ಮೀರಿದ ದೊಡ್ಡ ಪಾದವೊಂದು ಫ್ರಿಜ್‌ವರೆಗೆ ಹೋಗಿ ತಣ್ಣೀರು ಕುಡಿದು ಮರಳಿತ್ತು. ಒಂದು ತೆಳ್ಳನೆಯ ಪಾದ ಬಿಸ್ಕಿಟ್ ಡಬ್ಬಿ ಮುಟ್ಟಿ ವಾಪಸ್. ಅಪ್ಪ, ಮಗಳು ನೆಲ ನೋಡಿದರು. ಆದರೆ ಮೂರನೆಯದು? ಒಲೆಯಿಂದ ಸಿಂಕಿಗೆ, ಸಿಂಕಿನಿಂದ ಬಾಲ್ಕನಿಗೆ, ಮತ್ತೆ ಒಲೆಗೆ. ಗಾಣದ ಎತ್ತಿನಂತೆ ಸುತ್ತಿ ಸುತ್ತಿ ಹಿಟ್ಟನ್ನೇ ಸವೆಸಿತ್ತು. ಎಡಗಾಲಿನ ಕಿರುಬೆರಳಿನ ಗುರುತು ಎಲ್ಲೂ ಇರಲಿಲ್ಲ. ಆ ಹೆಜ್ಜೆ ಹೊಸ್ತಿಲು ದಾಟಿ, ಹಾಲ್ ದಾಟಿ, ಸೋಫಾದ ಬುಡಕ್ಕೆ ಬಂದು ನಿಂತಿತ್ತು.

ಹುಟ್ಟಿನಿಂದಲೂ ನನ್ನ ಎಡ ಕಿರುಬೆರಳು ನೆಲಕ್ಕೆ ತಾಗುವುದಿಲ್ಲ. ಅಂಗಾಲು ತಿರುಗಿಸಿ ನೋಡಿದೆ. ಬೆಳ್ಳಗಿತ್ತು.

"ಮಮ್ಮಿ, ಭೂತ್ ತೂಚ್ ಆಹೇಸ್! ಭೂತ ನೀನೇ!" ರುಚಿತಾ ಕಿರುಚಿದಳು.

ಮಧುಕರ ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು ಬೆಳಕಿಗೆ ಹಿಡಿದರು. ಅದರ ಮೈಮೇಲೆಲ್ಲ ಪಟ್ಟಿಯ ನೇಯ್ಗೆಯ ಗುರುತು.

"ನಾಳಿ ಅಳತಿ ಅದಲ್ಲ, ಸುಮನಾ..." ಎಂದರು.

ನನಗೆ ಭಯ ಹೋಗಿ ಸಿಟ್ಟು ಬಂತು. "ಅಳತಿ ಇರ್ಲಿ, ಮೊದಲ ಇಲ್ಲಿ ನೋಡ್ರಿ! ನಿಮ್ಮ ಹೆಜ್ಜಿ ಫ್ರಿಜ್ ತನಕ, ಇಕೀದು ಬಿಸ್ಕಿಟ್ ತನಕ! ದೆವ್ವ ಅಂದ್ರೂ ಚಿಂತಿಲ್ಲ, ರೊಟ್ಟಿ ಬಂದ್ರ ಸಾಕು! ಇನ್ನ ಮ್ಯಾಲ ಈ ಕೈ ಒಂದ್ ಕಡ್ಡಿ ಎತ್ತಿದ್ರ ಕೇಳ್ರಿ!" ಇಬ್ಬರೂ ತಲೆ ತಗ್ಗಿಸಿದರು. ನಾನು ಅತ್ತಿಂದಿತ್ತ ಓಡಾಡುತ್ತ, ಬಗ್ಗುತ್ತ, ಏಳುತ್ತ, ನನ್ನ ಜನ್ಮದ ಅತಿ ದೊಡ್ಡ ಭಾಷಣ ಮಾಡಿದೆ.

"ಮಮ್ಮಿ..."

"ನಡುವ ಬಾಯಿ ಹಾಕಬ್ಯಾಡ!"

"ಮಮ್ಮಿ, ನಿನ್ನ ಕೈ..."

ನೋಡಿದೆ. ನೆಲ ಲಕಲಕ ಹೊಳೆಯುತ್ತಿತ್ತು. ಒಂದು ಹೆಜ್ಜೆಯೂ ಉಳಿದಿರಲಿಲ್ಲ. ಹಿಟ್ಟೆಲ್ಲ ಮೂಲೆಯಲ್ಲಿ ಗುಡ್ಡೆಯಾಗಿತ್ತು. ಪಟ್ಟಿ ಸುತ್ತಿದ ಬಲಗೈಯಲ್ಲಿ ಕಸಬರಿಗೆ!

ಮಧುಕರ ಅದನ್ನು ಮೆಲ್ಲಗೆ ಹಿಡಿದು ಎಳೆದರು. ಬರಲಿಲ್ಲ. ರುಚಿತಾಳೂ ಕೈ ಹಾಕಿದಳು.

"ಬಿಡ ಸುಮನಾ, ನಾ ಗುಡಸ್ತೀನಿ. ಬಿಡ!"

ನಾನು ಆಗಲೇ ಬಿಟ್ಟಿದ್ದೆ. ಆ ಕೈ ಬಿಡಲಿಲ್ಲ.